ಕೈಗೆಟುಕದ ಮರಗೆಲಸ: ಸೂರು, ಅಟ್ಟ, ಕಾಲುಸಂಕಗಳ ಶುಚಿ ಮತ್ತು ದುರಸ್ತಿ



ಕೊಳೆರೋಗಕ್ಕೆ ಔಷಧಿ ಎಂದು ಹೊಡೆಯಬೇಕು, ಕಾಫಿಯ ಕಸಿ ಚಿಗುರು ಎಂದು ತೆಗೆಯಬೇಕು ಎಂಬುದು ತೋಟದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಿಮ್ಮ ಮನೆಯ ಸೂರಿನಲ್ಲಿ ಎಷ್ಟು ಪಕಾಸುಗಳಿವೆ, ಅವುಗಳ ತುದಿ ಗಟ್ಟಿಯಿದೆಯೋ ಮೆತ್ತಗಾಗಿದೆಯೋ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಅಂಗಳಕ್ಕಿಳಿದು ತಲೆಯೆತ್ತಿ ನೋಡಬೇಕಾಗುತ್ತದೆ. ಅಡಿಕೆ ಒಣಗಿಸುವ ಅಟ್ಟದ ಕಂಬದ ಬುಡ, ಪಲ್ಪರ್ ಮನೆಯ ಮಾಡಿನ ಮುಕ್ಕೋನೆ ಹಲಗೆ, ಹಳ್ಳಕ್ಕೆ ಹಾಕಿದ ಕಾಲುಸಂಕದ ಅಡಿಭಾಗ, ಇವುಗಳ ವಿಷಯವೂ ಹೀಗೆಯೇ. ಬಾಗಿಲು, ಕಿಟಕಿ, ಜಗಲಿಯ ಕಂಬ ಇವು ದಿನವೂ ಕಣ್ಣಿಗೆ ಬೀಳುತ್ತವೆ, ಹಬ್ಬಕ್ಕೊಮ್ಮೆಯಾದರೂ ಒರೆಸಿಕೊಳ್ಳುತ್ತವೆ. ಕೈಗೆಟುಕದ ಮರ ಮಾತ್ರ ಮುರಿದು ಬೀಳುವ ದಿನದವರೆಗೆ ನೆನಪಿಗೆ ಬರುವುದಿಲ್ಲ.

ಈ ಮರ ಮತ್ತೆ ಸುಲಭಕ್ಕೆ ಸಿಗುವಂಥದಲ್ಲ. ಹಿರಿಯರು ಹಾಕಿಸಿದ ಬೋಗಿ, ಮತ್ತಿ, ನಂದಿ, ಹೆಬ್ಬಲಸಿನ ತೊಲೆಗಳಂಥವನ್ನು ಇಂದು ಕೊಳ್ಳಹೊರಟರೆ ಬೆಲೆ ಕೇಳಿಯೇ ಹಿಂತಿರುಗಬೇಕು. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಅನುಮತಿಯ ತೊಡಕಿಲ್ಲದ ಸಿಲ್ವರ್ ಓಕ್ ನಮ್ಮ ತೋಟಗಳಲ್ಲಿ ಬೇಕಾದಷ್ಟಿದೆ, ಆದರೆ ಮಳೆಗೆ ಮೈಯೊಡ್ಡಿ ನಿಲ್ಲುವ ಗುಣ ಅದಕ್ಕಿಲ್ಲ. ಆದುದರಿಂದ ಇರುವ ಮರವನ್ನು ಉಳಿಸಿಕೊಳ್ಳುವುದೇ ಜಾಣತನ. ಆದರೆ ಮರ ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಂಡರೆ ಅದು ಜಾಣತನವಲ್ಲ. ಈ ಎರಡೂ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಓದಬೇಕೆಂದು ಕೋರುತ್ತೇವೆ.

1. ಮರ ಏಕೆ ಕೊಳೆಯುತ್ತದೆ?

ಮರಕ್ಕೆ ವಯಸ್ಸಾಯಿತು, ಆದ್ದರಿಂದ ಕೊಳೆಯಿತು ಎನ್ನುವುದು ವಾಡಿಕೆಯ ಮಾತು. ಅದು ಸರಿಯಲ್ಲ. ಮರ ಮುದಿಯಾಗಿ ಕೊಳೆಯುವುದಿಲ್ಲ, ಮಳೆ ಬಿತ್ತೆಂದೂ ಕೊಳೆಯುವುದಿಲ್ಲ. ನೆನೆದು ಒಣಗದೆ ಉಳಿದ ಮರ ಮಾತ್ರ ಕೊಳೆಯುತ್ತದೆ.

ಮರವನ್ನು ತಿನ್ನುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಅದಕ್ಕೆ ಗಾಳಿ, ಹದವಾದ ಬಿಸಿ, ಆಹಾರ, ತೇವ ಈ ನಾಲ್ಕೂ ಬೇಕು. ಮಲೆನಾಡಿನಲ್ಲಿ ಗಾಳಿ ಮತ್ತು ಬಿಸಿಯನ್ನು ನಾವು ತಪ್ಪಿಸಲಾರೆವು, ಆಹಾರವೋ ಮರವೇ. ನಮ್ಮ ಕೈಯಲ್ಲಿರುವುದು ತೇವ ಒಂದೇ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ತೇವಕ್ಕೆ ಇಳಿಸಿದ ಮೇಲೆ ಚೀಲ ಕಟ್ಟುತ್ತೇವಷ್ಟೆ? ಮರಕ್ಕೂ ಅಂಥದೊಂದು ಗಡಿಯಿದೆ. ಮರದ ತೇವ ಶೇಕಡಾ 20ರೊಳಗೆ ಇರುವವರೆಗೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ತೇವ ಶೇಕಡಾ 30ರ ಹತ್ತಿರ ಬಂದು ವಾರಗಟ್ಟಲೆ ಹಾಗೆಯೇ ನಿಂತರೆ ಅದಕ್ಕೆ ಹಬ್ಬ. ನೂರು ವರ್ಷ ದಾಟಿದ ತೊಟ್ಟಿಮನೆಯ ಒಳಗಿನ ಕಂಬ ಗಟ್ಟಿಯಾಗಿದ್ದು, ಅದೇ ಮರದಿಂದ ಮಾಡಿದ ಸೂರಿನ ಪಕಾಸಿನ ತುದಿ ಇಪ್ಪತ್ತು ವರ್ಷಕ್ಕೆ ಪುಡಿಯಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಮರದ ನಾರುಗಳು ಉದ್ದುದ್ದಕ್ಕೆ ಜೋಡಿಸಿಟ್ಟ ಸಣ್ಣ ಕೊಳವೆಗಳ ಹಾಗೆ. ಪಕ್ಕದಿಂದ ನೀರು ನಿಧಾನವಾಗಿ ಇಂಗುತ್ತದೆ. ಕೊಯ್ದ ತುದಿಯಿಂದಾದರೋ ಬತ್ತಿ ಎಣ್ಣೆ ಹೀರಿದಂತೆ ಒಳಕ್ಕೆ ಸೇರುತ್ತದೆ. ಆದ್ದರಿಂದಲೇ ಪಕಾಸಿನ ತುದಿ, ಕಂಬದ ಬುಡ, ಹಲಗೆಯ ಕೊನೆ, ಕಚ್ಚು ಹಾಕಿ ಸೇರಿಸಿದ ಜಾಗ ಇವೇ ಮೊದಲು ಹೋಗುತ್ತವೆ.

ಬಿಸಿಲಿಗೆ ಮರ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಮೇಲಿನ ತೆಳುಪದರದ ಮಾತು, ಒಳಗಿನ ಬಲಕ್ಕೆ ಅದರಿಂದ ಕುಂದಿಲ್ಲ. ಹಸಿರು ಪಾಚಿಯೂ ಮರವನ್ನು ತಿನ್ನುವುದಿಲ್ಲ. ಆದರೆ ಅದು ನೀರನ್ನು ಹಿಡಿದಿಡುತ್ತದೆ. ಪಾಚಿ ಇದೆಯೆಂದರೆ ಇಲ್ಲಿ ಮರ ಒಣಗುತ್ತಿಲ್ಲ ಎಂದು ಯಾರೋ ಬರೆದಿಟ್ಟು ಹೋದಂತೆಯೇ ತಿಳಿಯಬೇಕು.

2. ಮೊದಲು ನೋಡುವುದು

ಬ್ರಷ್ಷು, ಬಕೆಟ್ಟು ಹಿಡಿಯುವುದಕ್ಕೆ ಮೊದಲು ನೋಡುವ ಕೆಲಸ ಮುಗಿಯಬೇಕು. ನೋಡಲು ಒಳ್ಳೆಯ ಕಾಲ ಬೇಸಗೆಯಲ್ಲ, ಜಡಿಮಳೆ ಹಿಡಿದಿರುವ ಆಷಾಢ, ಶ್ರಾವಣಗಳೇ. ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ಇಳಿಯುತ್ತಿದೆ, ಎಲ್ಲಿ ತಡೆಯುತ್ತಿದೆ, ಎಲ್ಲಿ ಸಿಡಿಯುತ್ತಿದೆ ಎಂಬುದು ಅಂದು ಕಾಣುವ ಹಾಗೆ ಬೇರೆಂದೂ ಕಾಣದು. ಕಂಡದ್ದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಮುಖ್ಯವಾಗಿ ಈ ಐದು ಜಾಗಗಳನ್ನು ನೋಡಬೇಕು:

(ಅ) ಪಕಾಸಿನ ಹೊರತುದಿ ಮತ್ತು ಅದಕ್ಕೆ ಹೊಡೆದ ಸೂರಿನ ಹಲಗೆ. ಕೊನೆಯ ಸಾಲಿನ ಹಂಚು ಸರಿದಿದ್ದರೆ ಅಥವಾ ಹಲಗೆಗಿಂತ ಮುಂದಕ್ಕೆ ಸಾಕಷ್ಟು ಚಾಚಿಲ್ಲದಿದ್ದರೆ ನೀರು ಹಲಗೆಯ ಮೇಲೆಯೇ ಹರಿಯುತ್ತದೆ.

(ಆ) ಎರಡು ಮಾಡು ಕೂಡುವ ತಗ್ಗಿನ ದೋಣಿ. ಇಲ್ಲಿ ಸಿಲ್ವರ್ ಓಕ್ ಎಲೆ, ಅತ್ತಿ ಎಲೆ ಸೇರಿ ಗೊಬ್ಬರವಾಗಿರುತ್ತದೆ. ಇದರ ಅಡಿಯ ಮರ ಕೊಳೆತದ್ದು ಒಳಗಿನಿಂದ ಅಟ್ಟ ಹತ್ತಿ ನೋಡಿದರಷ್ಟೇ ತಿಳಿಯುತ್ತದೆ.

(ಇ) ಮಾಡಿನ ಎರಡು ಕೊನೆಯ ಮುಕ್ಕೋನೆ ಹಲಗೆ. ಮುಂಗಾರಿನ ಗಾಳಿ ಬೀಸುವ ಪಡುವಣ ದಿಕ್ಕಿನದು ಯಾವಾಗಲೂ ಹೆಚ್ಚು ಹಾಳಾಗಿರುತ್ತದೆ.

(ಈ) ಹೊರಗಿನ ಕಂಬಗಳ ಬುಡ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಬುಡವನ್ನು ನೆನೆಸುತ್ತದೆ.

(ಉ) ಕಾಲುಸಂಕದ ಮರ ದಡವನ್ನು ಮುಟ್ಟುವ ಎರಡು ತುದಿ. ನಡುವೆ ಗಾಳಿಯಾಡುತ್ತದೆ, ತುದಿಯೋ ಮಣ್ಣಿನಲ್ಲಿ ಹುದುಗಿರುತ್ತದೆ.

ಕೈಗೆ ಸಿಕ್ಕುವ ಕಡೆ ಸಣ್ಣ ದಬ್ಬಳದಿಂದ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ದಬ್ಬಳ ಹಿಡಿಯುವುದು ಕಷ್ಟ. ಕೊಳೆತ ಮರಕ್ಕೆ ಅದು ಬೆಲ್ಲಕ್ಕೆ ಇಳಿದಂತೆ ಇಳಿಯುತ್ತದೆ. ಎತ್ತರದ ಜಾಗಕ್ಕೆ ಬಿದಿರಿನ ಗಳುವಿನಿಂದ ತಟ್ಟಿ ಸದ್ದು ಕೇಳಿ: ಗಟ್ಟಿ ಮರ ಟಣ್ಣೆನ್ನುತ್ತದೆ, ಟೊಳ್ಳು ಮರ ಬೊದ್ದೆನ್ನುತ್ತದೆ. ಈಗ ಮನೆಮನೆಯಲ್ಲೂ ಮೊಬೈಲ್ ಫೋನ್ ಇದೆ. ಅದನ್ನು ಒಣ ಬಿದಿರಿನ ತುದಿಗೆ ಭದ್ರವಾಗಿ ಕಟ್ಟಿ, ವಿಡಿಯೊ ಚಾಲೂ ಮಾಡಿ ಸೂರಿನಡಿ ನಿಧಾನವಾಗಿ ಸಾಗಿಸಿದರೆ ಏಣಿಯಿಲ್ಲದೆಯೇ ಪಕಾಸಿನ ತುದಿಯೆಲ್ಲವನ್ನೂ ನೋಡಬಹುದು. ಹತ್ತದೆ ಮುಗಿಯುವ ಕೆಲಸಕ್ಕೆ ಹತ್ತಬಾರದು.

ಗೆದ್ದಲಿನ ಮಣ್ಣಿನ ದಾರಿ, ಕುಟ್ಟೆ ಹುಳು ಉದುರಿಸಿದ ಹಿಟ್ಟು, ಕಪ್ಪು ದುಂಬಿ ಕೊರೆದ ಬೆರಳು ಗಾತ್ರದ ದುಂಡು ತೂತು ಇವುಗಳನ್ನೂ ಗುರುತಿಸಿಕೊಳ್ಳಿ. ಕಣಜದ ಅಥವಾ ಹೆಜ್ಜೇನಿನ ಗೂಡು ಇದ್ದರಂತೂ ಮೊದಲೇ ತಿಳಿದಿರಲೇಬೇಕು. ಏಣಿಯ ಮೇಲೆ ನಿಂತವನಿಗೆ ಕಣಜ ಎದ್ದರೆ ಓಡಲು ದಾರಿಯಿರುವುದಿಲ್ಲ.

3. ಹತ್ತುವ ಮೊದಲು

ತೋಟದಲ್ಲಿ ಎತ್ತರದ ಕೆಲಸವೆಂದರೆ ಕೊನೆಗೌಡರನ್ನು ಕರೆಯುವುದು ರೂಢಿ. "ಅಷ್ಟೆತ್ತರದ ಅಡಿಕೆ ಮರ ಹತ್ತುವವನಿಗೆ ಈ ಮಾಡು ಯಾವ ಲೆಕ್ಕ?" ಎನ್ನುತ್ತೇವೆ. ಈ ಮಾತನ್ನು ನಾವು ಬಿಡಬೇಕು. ಅಡಿಕೆ ಮರದಲ್ಲಿ ಅವನ ಎರಡು ಕೈ, ಎರಡು ಕಾಲು ಮರವನ್ನು ತಬ್ಬಿರುತ್ತವೆ. ಸೂರಿನಡಿ ಏಣಿಯ ಮೇಲೆ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಡಬ್ಬ, ಕಣ್ಣಿಗೆ ಮೇಲಿನಿಂದ ಉದುರುವ ಕಸ. ಎರಡೂ ಬೇರೆ ಬೇರೆ ಕೆಲಸ. ಇಪ್ಪತ್ತಡಿಯಿಂದ ಬಿದ್ದವನು ಬದುಕಿದರೂ ಮತ್ತೆ ಮರ ಹತ್ತುವುದಿಲ್ಲ. ಆ ಮನೆಯ ಅನ್ನ ಅಲ್ಲಿಗೆ ನಿಂತಂತೆ.

ಆದುದರಿಂದ ಈ ನಿಯಮಗಳನ್ನು ಕಡ್ಡಾಯವೆಂದು ತಿಳಿಯಬೇಕು:

ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರದ ಲೆಕ್ಕದಲ್ಲಿ ಒರಗಿಸಬೇಕು. ಹದಿನಾರಡಿ ಎತ್ತರದಲ್ಲಿ ಏಣಿ ಒರಗುವುದಾದರೆ ಬುಡ ಗೋಡೆಯಿಂದ ನಾಲ್ಕಡಿ ಈಚೆಗಿರಬೇಕು. ಏಣಿಯ ತಲೆ ಸೂರಿನ ಹಲಗೆಗೆ ಒರಗಬಾರದು, ಏಕೆಂದರೆ ನಾವು ಅನುಮಾನಿಸುತ್ತಿರುವುದು ಅದೇ ಹಲಗೆಯನ್ನು. ಗೋಡೆಗೆ ಅಥವಾ ಗಟ್ಟಿ ತೊಲೆಗೆ ಒರಗಿಸಿ ಹಗ್ಗದಿಂದ ಕಟ್ಟಬೇಕು, ಬುಡದಲ್ಲಿ ಒಬ್ಬರು ಹಿಡಿದಿರಬೇಕು. ಕೈ ಚಾಚಿ ಎಟುಕಿಸಲು ಹೋಗದೆ ಇಳಿದು ಏಣಿಯನ್ನೇ ಸರಿಸಬೇಕು.

ಒಂದು ದಿನಕ್ಕಿಂತ ಹೆಚ್ಚಿನ ಕೆಲಸವಿದ್ದರೆ ಏಣಿ ಬೇಡ, ಸಾರುವೆ ಕಟ್ಟಿಸಿ. ಸಾರುವೆಗೆ ಎದೆಮಟ್ಟದ ಅಡ್ಡಗಳು ಇರಲಿ. ಮೇಲೆ ಕೆಲಸ ಮಾಡುವವರಿಗೆ ಮೈಗೆ ಪೂರ್ತಿ ತೊಡುವ ಸುರಕ್ಷಾ ಪಟ್ಟಿ ಕೊಡಿ. ಸೊಂಟಕ್ಕೆ ಮಾತ್ರ ಹಗ್ಗ ಕಟ್ಟಿದರೆ ಬಿದ್ದಾಗ ಆ ಹಗ್ಗವೇ ಬೆನ್ನುಮೂಳೆಗೆ ಪೆಟ್ಟು ಕೊಡುತ್ತದೆ.

ಹಂಚಿನ ಮೇಲೆ, ಸಿಮೆಂಟ್ ಶೀಟಿನ ಮೇಲೆ ಕಾಲಿಡಬಾರದು. ಹಳೆಯ ಶೀಟು ನೋಡಲು ಗಟ್ಟಿಯಾಗಿದ್ದು, ತೂಕ ಬಿದ್ದೊಡನೆ ಒಮ್ಮೆಲೇ ಒಡೆಯುತ್ತದೆ. ಪಕಾಸಿನಿಂದ ಪಕಾಸಿಗೆ ಹಲಗೆ ಹಾಕಿ ಅದರ ಮೇಲೆಯೇ ನಡೆಯಬೇಕು.

ಇನ್ನು ವಿದ್ಯುತ್ ತಂತಿಯ ಮಾತು. ಇತ್ತೀಚಿನ ವರ್ಷಗಳಲ್ಲಿ ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯುವುದಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ. ಅದರ ತುದಿಗೆ ಬ್ರಷ್ಷು ಕಟ್ಟಿ ಮಾಡಿನ ಮೇಲೆಲ್ಲಾ ಉಜ್ಜಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬರುವುದು ಸಹಜ. ಇದು ಲೋಹವಲ್ಲ, ಆದ್ದರಿಂದ ಕರೆಂಟು ಹರಿಯದು ಎಂಬ ನಂಬಿಕೆ ಕೆಲವರಲ್ಲಿದೆ. ಅದು ಪ್ರಾಣಕ್ಕೆ ಮುಳುವಾಗುವ ನಂಬಿಕೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ದೋಟಿಗಳಂತೆಯೇ ಇದೂ ಅಪಾಯದ್ದು. ಹಸಿ ಬಿದಿರು, ಒದ್ದೆ ಬಿದಿರು ಕೂಡ ಅಷ್ಟೇ. ಏಣಿಯಾಗಲಿ ಗಳುವಾಗಲಿ ಕೈತಪ್ಪಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗದಷ್ಟು ದೂರವಿದ್ದರೆ ಮಾತ್ರ ಕೆಲಸ ಹಿಡಿಯಿರಿ. ಇಲ್ಲವಾದರೆ ವಿದ್ಯುತ್ ಕಚೇರಿಗೆ ಬರೆದುಕೊಟ್ಟು ಲೈನ್ ನಿಲ್ಲಿಸಿದ್ದು ಖಾತ್ರಿಯಾದ ಮೇಲೆ ಮುಂದುವರಿಯಿರಿ. ಮನೆಗೆ ಬರುವ ಸರ್ವೀಸ್ ತಂತಿ ಸೂರಿನ ಹಲಗೆಗೇ ಕಟ್ಟಿರುವುದುಂಟು, ಅದನ್ನು ಮರೆಯಬೇಡಿ.

4. ತೊಳೆಯುವ ಕ್ರಮ

ತೊಳೆಯುವುದು ಮರಕ್ಕೆ ಹೊಸ ಬಣ್ಣ ಬರಲೆಂದಲ್ಲ, ಮರ ಒಣಗಲೆಂದು. ಆದ್ದರಿಂದ ಮೊದಲ ಕೆಲಸ ಒಣ ಕೆಲಸ. ಜೇಡರ ಬಲೆ, ಎಲೆ, ಹಕ್ಕಿಗೂಡಿನ ಕಸ, ಪಾಚಿ ಇವನ್ನು ಒಣಗಿದಾಗಲೇ ತೆಂಗಿನ ನಾರಿನ ಅಥವಾ ನೈಲಾನ್ ಬ್ರಷ್ಷಿನಿಂದ ಉಜ್ಜಿ ಇಳಿಸಿ. ತಂತಿ ಬ್ರಷ್ಷು ಬೇಡ. ಅದು ನಾರು ಕೀಳುತ್ತದೆ, ಅದರಿಂದ ಮುರಿದ ಕಬ್ಬಿಣದ ಎಳೆ ಮರದಲ್ಲುಳಿದು ತುಕ್ಕಿನ ಕಪ್ಪು ಕಲೆಯಾಗುತ್ತದೆ. ಅರ್ಧಕ್ಕಿಂತ ಹೆಚ್ಚಿನ ಮರ ಈ ಒಣ ಕೆಲಸದಿಂದಲೇ ಶುಚಿಯಾಗಿರುವುದನ್ನು ನೀವೇ ಕಾಣುವಿರಿ.

ಜಿಡ್ಡು, ಹೊಗೆಯ ಮಸಿ, ಕಪ್ಪು ಬೂಷ್ಟು ಉಳಿದಿದ್ದರೆ ಲೀಟರ್ ಬಿಸಿನೀರಿಗೆ ಎರಡು ಚಮಚೆ ವಾಷಿಂಗ್ ಸೋಡಾ ಕರಗಿಸಿ, ಅಂಟುವಾಳದ ನೊರೆ ಸೇರಿಸಿ, ಬಟ್ಟೆಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ನಾರು ಹೋದ ದಿಕ್ಕಿನಲ್ಲಿ ಉಜ್ಜಿ. ಹತ್ತು ನಿಮಿಷದ ನಂತರ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ ತೆಗೆಯಿರಿ. ಕಾಸ್ಟಿಕ್ ಸೋಡಾ ಬೇಡ. ಗಟ್ಟಿಯಾಗಿ ಕಲಸಿದ ಬ್ಲೀಚಿಂಗ್ ಪೌಡರೂ ಬೇಡ. ಇವು ಮರವನ್ನು ಬೆಳ್ಳಗೆ ಮಾಡಿದಂತೆ ಕಂಡರೂ ನಾರನ್ನು ಸಡಿಲಿಸುತ್ತವೆ. ಬ್ಲೀಚಿಂಗ್ ಪೌಡರಿಗೆ ಯಾವ ಆಸಿಡ್ ಬೆರೆತರೂ ವಿಷದ ಗಾಳಿ ಏಳುತ್ತದೆ ಎಂಬುದನ್ನೂ ನೆನಪಿಡಿ.

ಔಷಧಿ ಹೊಡೆಯುವ ಪಂಪು ಮನೆಯಲ್ಲಿದೆ, ಉದ್ದದ ಪೈಪೂ ಇದೆ, ಅದರಿಂದಲೇ ಸೂರನ್ನು ತೊಳೆದರಾಯಿತು ಎಂಬುದು ಅನೇಕರ ಅಭಿಪ್ರಾಯ. ನಾವು ಇದನ್ನು ಒಪ್ಪುವುದಿಲ್ಲ. ನೆಲದಿಂದ ಮೇಲಕ್ಕೆ ರಭಸವಾಗಿ ಹೊಡೆದ ನೀರು ಮಳೆ ಎಂದೂ ತಲಪದ ಜಾಗವನ್ನು ತಲಪುತ್ತದೆ: ಹಂಚಿನ ಅಡಿ, ರೀಪಿನ ಮೇಲ್ಭಾಗ, ಕಚ್ಚಿನ ಒಳಗೆ. ಮೇಲೆ ಶುಚಿ, ಒಳಗೆ ತೇವ. ಕೊಳೆಯುವುದನ್ನು ತಡೆಯಲು ಹೋಗಿ ಬಿತ್ತಿ ಬಂದಂತಾಗುತ್ತದೆ. ಪಂಪು ಬಳಸಲೇಬೇಕಾದರೆ ಒತ್ತಡ ಇಳಿಸಿ, ಅಗಲ ಹನಿಯ ನಾಝಲ್ ಹಾಕಿ, ಸಾರುವೆಯ ಮೇಲೆ ನಿಂತು ಮೇಲಿನಿಂದ ಕೆಳಕ್ಕೆ ಹಾಯಿಸಬೇಕು. ಕಳೆನಾಶಕ ಹೊಡೆದ ಪಂಪನ್ನಂತೂ ಮುಟ್ಟಬಾರದು.

ಹಳೆಯ ಎನಾಮಲ್ ಬಣ್ಣ ಕೆರೆಯುವಾಗ ಇನ್ನೊಂದು ಎಚ್ಚರಿಕೆ ಬೇಕು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಕಡಿಮೆ ಇರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸುವುದು ಕ್ಷೇಮ. ಒಣಗಿದ್ದಂತೆ ಕೆರೆಯಬೇಡಿ, ಬೆಂಕಿಯಿಂದ ಸುಡಬೇಡಿ. ಒದ್ದೆ ಮಾಡಿ ಕೆರೆದು, ಕೆಳಗೆ ಹಾಸಿದ ಟಾರ್ಪಾಲಿನಲ್ಲಿ ಚಕ್ಕೆಗಳನ್ನು ಹಿಡಿದು, ಮಕ್ಕಳೂ ಕೋಳಿಗಳೂ ಸುಳಿಯದಂತೆ ನೋಡಿಕೊಳ್ಳಿ.

5. ದುರಸ್ತಿ

ದುರಸ್ತಿಯ ಮೊದಲ ಸೂತ್ರ: ನೀರು ಬರುವ ದಾರಿ ಮುಚ್ಚದೆ ಮರ ಮುಟ್ಟಬೇಡಿ. ಸರಿದ ಹಂಚನ್ನು ಸರಿಸಿ, ಒಡೆದದ್ದನ್ನು ಬದಲಿಸಿ, ದೋಣಿಯ ಕಸ ತೆಗೆಯಿರಿ. ಸೂರಿಗೆ ತಾಗಿ ಬೆಳೆದ ಮರದ ಕೊಂಬೆ ಕಡಿದು ಗಾಳಿ, ಬೆಳಕು ಬರಮಾಡಿಕೊಳ್ಳಿ. ಇಷ್ಟು ಮಾಡಿ ಎರಡು ತಿಂಗಳು ಒಣಗಲು ಬಿಟ್ಟರೆ, ಹೋಯಿತೆಂದುಕೊಂಡ ಎಷ್ಟೋ ಮರ ಉಳಿಯುತ್ತದೆ.

ಪಕಾಸಿನ ತುದಿ ಮಾತ್ರ ಕೊಳೆತಿದ್ದರೆ ಇಡೀ ಪಕಾಸು ಕೀಳಬೇಕಾಗಿಲ್ಲ. ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಒಂದಡಿ ಆಚೆಗೆ, ಗಟ್ಟಿ ಮರ ಸಿಕ್ಕುವವರೆಗೆ ಕೊಯ್ದು ತೆಗೆಯಿರಿ. ಅದರ ಪಕ್ಕಕ್ಕೆ ಅದೇ ಗಾತ್ರದ ಜೋಡು ಪಕಾಸು ಕೊಡಿ. ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆಯೋ ಅದರ ಎರಡರಷ್ಟಾದರೂ ಉದ್ದ ಗೋಡೆಯ ಒಳಗೆ ಹಳೆಯ ಪಕಾಸಿನ ಜೊತೆ ಸಾಗಬೇಕು. ಮೊಳೆಗಿಂತ ಬೋಲ್ಟು ಉತ್ತಮ, ಅದೂ ಸತುವಿನ ಲೇಪವಿದ್ದದ್ದು. ಜೋಡಿಸುವ ಮರ ಚೇಗಿನದಾಗಿರಲಿ. ಮರದ ಹೊರಸುತ್ತಿನ ಬಿಳಿಯ ಭಾಗ ಯಾವ ಜಾತಿಯದಾದರೂ ಹುಳುವಿಗೂ ಕೊಳೆತಕ್ಕೂ ಬೇಗ ಬಲಿಯಾಗುತ್ತದೆ. ತೊಲೆಯೇ ಹೋಗಿದ್ದರೆ ಮಾತ್ರ ಇದು ನಮ್ಮ ನಿಮ್ಮ ಕೆಲಸವಲ್ಲ. ಊತಗಂಬ ಕೊಟ್ಟು, ಅನುಭವಿ ಆಚಾರಿಯನ್ನು ಕರೆಸಬೇಕು.

ಕೊಳೆತ ಪೊಟರೆಗೆ ಸಿಮೆಂಟ್ ತುಂಬುವುದು ಸಲ್ಲದು. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ. ನಡುವೆ ಬಿಟ್ಟ ಕೂದಲೆಳೆಯ ಸಂದಿನಲ್ಲಿ ನೀರು ನಿಲ್ಲುತ್ತದೆ. ಕಂಬದ ಬುಡವನ್ನು ಕಾಂಕ್ರೀಟಿನಲ್ಲಿ ಹೂಳುವುದೂ ಇಂಥದೇ ತಪ್ಪು. ಹಿಂದಿನವರು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದು ಚಂದಕ್ಕಲ್ಲ. ಕೊಳೆತ ಬುಡವನ್ನು ಕೊಯ್ದು, ನೆಲದಿಂದ ಒಂದಡಿ ಎತ್ತರದ ಕಲ್ಲು ಕೊಟ್ಟು, ಕಲ್ಲಿಗೂ ಮರಕ್ಕೂ ನಡುವೆ ಡಾಂಬರು ಶೀಟಿನ ತುಂಡು ಇಟ್ಟರೆ ಸಿಡಿಯುವ ನೀರೂ ತಲಪದು, ನೆಲದ ತೇವವೂ ಏರದು.

6. ಲೇಪ

ಲೇಪ ಕೊನೆಯ ಕೆಲಸ. ಒದ್ದೆ ಮರಕ್ಕೆ ಬಣ್ಣ ಬಳಿದರೆ ತೇವವನ್ನು ಒಳಗೆ ಕೂಡಿಹಾಕಿ ಬಾಗಿಲು ಹಾಕಿದಂತೆ. ತೊಳೆದ ಮೇಲೆ ಕನಿಷ್ಠ ಎರಡು ಮೂರು ವಾರದ ಬಿಸಿಲು ಬೇಕು.

ಮಳೆ ನೇರವಾಗಿ ಬೀಳದ ಸೂರಿನಡಿಯ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಒಳ್ಳೆಯದು. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಒಂದು ದಿನ ಬಿಟ್ಟು ಎರಡು ಸಲ, ತುದಿಗಳಿಗೆ ಇನ್ನೂ ಒಂದು ಸಲ ಬಳಿಯಿರಿ. ಇದು ಹುಳುವಿಗೂ ಶಿಲೀಂಧ್ರಕ್ಕೂ ತಡೆ. ಆದರೆ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಮಳೆಗೆ ತೊಳೆದು ಹೋಗುತ್ತದೆ. ಹೊರಮೈಗೂ, ನೆಲ ಮುಟ್ಟುವ ಮರಕ್ಕೂ ಇದೊಂದೇ ಸಾಲದು.

ಹೊರಮೈಗೆ ಕಾಯಿಸಿದ ಅಗಸೆ ಎಣ್ಣೆ, ಅಂದರೆ ಪೇಟೆಯಲ್ಲಿ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಎಂದು ಸಿಗುವುದನ್ನು, ಮೊದಲ ಸಲ ಟರ್ಪೆಂಟೈನ್ ಸಮಪಾಲು ಬೆರೆಸಿ, ಎರಡನೆಯ ಸಲ ಹಾಗೆಯೇ ತೆಳುವಾಗಿ ಕೊಡಿ. ಮರ ಹೀರದೆ ಉಳಿದದ್ದನ್ನು ಒರೆಸಿಬಿಡಿ. ಹಸಿ ಎಣ್ಣೆ ಬಳಿದರೆ ನಮ್ಮ ಹವೆಗೆ ಅದರ ಮೇಲೆಯೇ ಬೂಷ್ಟು ಕೂರುತ್ತದೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆಗಳು ಒಣಗುವ ಜಾತಿಯವಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅದು ಒಣಗುವಾಗ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಸಿಪ್ಪೆಗೋಟು, ಗೋಣಿಚೀಲ ತುಂಬಿದ ಗೋದಾಮಿರುವ ನಮಗೆ ಇದು ಸಣ್ಣ ಮಾತಲ್ಲ.

ಕರಾವಳಿಯಲ್ಲಿ ದೋಣಿಗೂ ಮನೆಯ ಮರಕ್ಕೂ ಬಳಿಯುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲಿಗೆ ಒಳ್ಳೆಯ ತಡೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗವಸು, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇಲ್ಲದೆ, ಅದರಲ್ಲೂ ತಲೆಯ ಮೇಲಿನ ಕೆಲಸಕ್ಕೆ, ಅದನ್ನು ಮುಟ್ಟಬೇಡಿ.

ಉಳಿದ ಬೋರ್ಡೋ ದ್ರಾವಣವನ್ನು ಸೂರಿಗೆ ಹೊಡೆಯಬಹುದೇ ಎಂದು ಸದಸ್ಯರು ಕೇಳುವುದುಂಟು. ಅದು ಪಾಚಿಯನ್ನು ಸ್ವಲ್ಪ ಕಾಲ ತಡೆದೀತು, ಮರದೊಳಕ್ಕೆ ಇಳಿಯದು. ಸುಣ್ಣ ಕಡಿಮೆಯಾದ ದ್ರಾವಣಕ್ಕೆ ಚಾಕು ಅದ್ದಿದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಚಾಕುವಿಗಾದದ್ದೇ ಪಕಾಸಿನ ಮೊಳೆಗೂ ಆಗುತ್ತದೆ.

ತಾಮ್ರ ಮರದೊಳಕ್ಕೆ ಇಳಿದು ಅಲ್ಲೇ ಉಳಿಯುವಂತೆ ಮಾಡಿದವರು ನಮ್ಮ ದೇಶದವರೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮಾಡಿದ ಸಂರಕ್ಷಕ ಜಗತ್ತಿನಲ್ಲೆಲ್ಲ ಬಳಕೆಗೆ ಬಂತು. ಒತ್ತಡದಲ್ಲಿ ಇದನ್ನು ತುಂಬಿಸಿದ ಕಂಬಗಳು ದಶಕಗಟ್ಟಲೆ ಬಾಳುತ್ತವೆ. ಆದರೆ ಇದರಲ್ಲಿ ಪಾಷಾಣವಿದೆ. ಅಮೆರಿಕದಲ್ಲಿ 2003ರ ಕೊನೆಯಿಂದ ವಾಸದ ಮನೆಗಳ ಬಳಕೆಗೆ ಇದನ್ನು ಕೈಬಿಟ್ಟರು. ಹಸಿರು ಛಾಯೆಯ ಹಳೆಯ ಕಂಬ ನಿಮ್ಮಲ್ಲಿದ್ದರೆ ಅದನ್ನು ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಹಾಕಬೇಡಿ. ವಿಷ ಹೊಗೆಯಲ್ಲೂ ಬೂದಿಯಲ್ಲೂ ಇರುತ್ತದೆ, ಆ ಬೂದಿ ತೋಟಕ್ಕೆ ಹೋಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟ್ಟಪ್ಪಣೆ. ಅಡಿಕೆ ಒಣಗಿಸುವ ಅಟ್ಟದ ದಬ್ಬೆಗೆ, ತಟ್ಟಿಗೆ, ಕಾಫಿ ಹರಡುವ ಹಲಗೆಗೆ ಯಾವ ಲೇಪವೂ, ಯಾವ ಔಷಧಿಯೂ ಕೂಡದು. ಸುಟ್ಟ ಎಂಜಿನ್ ಆಯಿಲ್ ಅಂತೂ ಹತ್ತಿರ ಬರಬಾರದು. ಅಡಿಕೆ ಬಾಯಿಗೆ ಹೋಗುವ ಪದಾರ್ಥ. ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ, ಬಟ್ಟಲಿನಲ್ಲಿ ಅದನ್ನು ಮುಚ್ಚಿಡಲಾಗದು. ದಬ್ಬೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಎತ್ತಿಡಿ, ಹೋದದ್ದನ್ನು ಬದಲಿಸಿ. ಲೇಪವೇನಿದ್ದರೂ ಕಂಬಕ್ಕೆ ಮಾತ್ರ.

7. ಕಾಲುಸಂಕ

ಸಂಕದ ವಿಷಯವನ್ನು ಕೊನೆಗಿಟ್ಟದ್ದು ಅದು ಕಡಿಮೆಯದೆಂದಲ್ಲ. ಸೂರು ಬಿದ್ದರೆ ಹಂಚು ಹೋಗುತ್ತದೆ. ಸಂಕ ಬಿದ್ದರೆ ಶಾಲೆಗೆ ಹೊರಟ ಮಗು ಹೋಗಬಹುದು. ಸಂಕ ಮುರಿಯುವುದು ಹಳ್ಳ ತುಂಬಿದ ದಿನವೇ.

ಸಂಕದ ಮರವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ನೀರು ಇಳಿದಿರುವಾಗ ಹಳ್ಳಕ್ಕಿಳಿದು ಕೆಳಗಿನಿಂದ ನೋಡಬೇಕು. ದಡದ ಮಣ್ಣು ಬಿಡಿಸಿ ಎರಡೂ ತುದಿಗಳಿಗೆ ದಬ್ಬಳ ಚುಚ್ಚಬೇಕು. ದಬ್ಬಳ ಸುಲಭವಾಗಿ ಇಳಿದರೆ ದುರಸ್ತಿಯ ಯೋಚನೆ ಬೇಡ, ಮರವನ್ನೇ ಬದಲಿಸಿ. ತುದಿಗಳನ್ನು ಮಣ್ಣಿನ ಮೇಲಲ್ಲ, ಕಲ್ಲಿನ ಮೇಲೆ ಕೂರಿಸಿ ಸುತ್ತ ಗಾಳಿಯಾಡಲು ಬಿಡಿ. ಅಡಿಕೆ ಮರದ ಸಂಕ ತಾತ್ಕಾಲಿಕ, ಪ್ರತಿ ಮಳೆಗಾಲಕ್ಕೂ ಹೊಸದೇ ಆಗಬೇಕು. ಪಾಚಿ ಜಾರದಂತೆ ಬ್ರಷ್ಷಿನಿಂದ ಉಜ್ಜಿ, ಒಂದಡಿಗೊಂದು ಅಡ್ಡಪಟ್ಟಿ ಹೊಡೆಯಿರಿ. ಎರಡೂ ಬದಿಗೆ ಕೈಹಿಡಿ ಇರಲಿ. ಹಳ್ಳದ ಮೇಲಿರುವ ಮರಕ್ಕೆ ಅಲ್ಲಿಯೇ ಔಷಧಿ ಬಳಿಯಬೇಡಿ, ತಾಮ್ರ ಮೀನಿಗೆ ವಿಷ. ಬಳಿಯುವುದಿದ್ದರೆ ಅಂಗಳದಲ್ಲಿ ಬಳಿದು ಪೂರ್ತಿ ಒಣಗಿಸಿ ತಂದು ಹಾಕಿ.

8. ವರ್ಷದ ಕೆಲಸ

ಆಷಾಢ, ಶ್ರಾವಣ: ಮಳೆಯಲ್ಲಿ ಸುತ್ತು ಬಂದು ನೀರಿನ ದಾರಿ ಗುರುತಿಸುವುದು.
ದೀಪಾವಳಿಯ ನಂತರ: ಹಂಚು ಸರಿಪಡಿಸುವುದು, ಒಣ ಬ್ರಷ್ಷಿನ ಕೆಲಸ, ಬೇಕಾದಲ್ಲಿ ತೊಳೆಯುವುದು.
ಕೊಯ್ಲಿನ ತಿಂಗಳುಗಳು: ಮರ ಒಣಗಲು ಬಿಡುವುದು.
ಶಿವರಾತ್ರಿಯಿಂದ ಯುಗಾದಿ: ದುರಸ್ತಿ ಮತ್ತು ಲೇಪ.
ಮೇ ತಿಂಗಳು: ದೋಣಿಯ ಕಸ ತೆಗೆಯುವುದು, ಸಂಕ ನೋಡುವುದು.

ಸಣ್ಣ ಹಿಡುವಳಿಯ ಒಬ್ಬೊಬ್ಬ ಸದಸ್ಯರೂ ಸಾರುವೆಯ ಸಾಮಾನು, ಸುರಕ್ಷಾ ಪಟ್ಟಿ, ಒಳ್ಳೆಯ ಏಣಿ ಕೊಳ್ಳುವುದು ಆಗದ ಮಾತು. ಕೊಳ್ಳಬೇಕಾಗಿಯೂ ಇಲ್ಲ. ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತು ಅದು. ಐದಾರು ಮನೆಯವರು ಸೇರಿ ಒಂದು ಜೊತೆ ಕೊಂಡು, ಗದ್ದೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದ ಹಾಗೆ ಒಬ್ಬರ ಸೂರಿಗೆ ಇನ್ನೊಬ್ಬರು ಬಂದು ಏಣಿ ಹಿಡಿದರೆ ಖರ್ಚೂ ಹಂಚಿಹೋಗುತ್ತದೆ, ಒಂಟಿಯಾಗಿ ಹತ್ತುವ ಅಪಾಯವೂ ತಪ್ಪುತ್ತದೆ. ಸಹಕಾರವೆಂದರೆ ಸಾಲ, ಗೊಬ್ಬರ, ಮಾರಾಟ ಇಷ್ಟೇ ಅಲ್ಲವಷ್ಟೆ. ಈ ಶಿವರಾತ್ರಿಗೆ ನಿಮ್ಮ ಕೇರಿಯಲ್ಲಿ ಯಾರ ಮನೆಯಿಂದ ಆರಂಭಿಸುವುದೆಂದು ಈಗಲೇ ಮಾತಾಡಿಕೊಳ್ಳಿ. ಒಬ್ಬರೇ ಇರುವ ವೃದ್ಧರ ಮನೆಯಿದ್ದರೆ ಅಲ್ಲಿಂದಲೇ ಆರಂಭವಾಗಲಿ.